ರೀಕನ್ಸಿಡರ್ ಅಂತ ಮೇಲ್ ಹಾಕೋ ಮುಂಚೆ: ಅರ್ಥ, ಬಳಕೆ, ಪದೇ ಪದೇ ಆಗೋ ತಪ್ಪುಗಳು, ಹಂತ ಹಂತವಾಗಿ

ಕೆಲಸದ ಅರ್ಜಿ ರಿಜೆಕ್ಟ್ ಆಯ್ತು, ರಜೆ ಸ್ಯಾಂಕ್ಷನ್ ಆಗ್ಲಿಲ್ಲ, ಇನ್ಶೂರೆನ್ಸ್‌ನೋರು ಕ್ಲೇಮ್ ಕೊಡಲ್ಲ ಅಂದ್ರು, ಓನರ್ ಬಾಡಿಗೆ ಜಾಸ್ತಿ ಮಾಡಿದ್ರು. ಆಗ ಬೆಂಗಳೂರಲ್ಲಿ ಇಂಗ್ಲಿಷ್‌ನಲ್ಲಿ ಬರೆಯೋರೆಲ್ಲ ಹಾಕೋದು ಒಂದೇ ಲೈನು, ಪ್ಲೀಸ್ ರೀಕನ್ಸಿಡರ್. ಅದಕ್ಕೆ ಉತ್ತರಾನೇ ಬರಲ್ಲ, ಬಂದ್ರೂ ಎರಡು ಲೈನಲ್ಲಿ ಆಗಲ್ಲ ಅಂತ ಬರುತ್ತೆ. ಮೇಲ್ ತಿದ್ದಿಕೊಡಿ ಅಂತ ಕಳಿಸೋರ ಬರವಣಿಗೆ ನೋಡಿದ್ರೆ ಅದೇ ನಾಲ್ಕೈದು ತಪ್ಪು ಮತ್ತೆ ಮತ್ತೆ ಕಾಣುತ್ತೆ, ಅದರಲ್ಲೂ ಗ್ರಾಮರ್ ತಪ್ಪಿಗಿಂತ ಯಾವುದನ್ನ ಮೊದಲು ನೋಡಬೇಕು ಯಾವುದನ್ನ ಆಮೇಲೆ ಅನ್ನೋ ತಪ್ಪೇ ಜಾಸ್ತಿ. ಅದಕ್ಕೇ ಇದನ್ನ ಹಂತ ಹಂತವಾಗಿ ಬರೀತಿದೀನಿ. ಸೀದಾ ಗ್ರಾಮರ್ ಇರೋ ಹಂತಕ್ಕೆ ಹಾರ್ಬೇಡಿ, ಮೊದಲ ಮೂರು ಹಂತದಲ್ಲೇ ಅರ್ಧ ಜನಕ್ಕೆ ಈ ಪದ ಬೇಕಾಗೇ ಇಲ್ಲ ಅಂತ ಗೊತ್ತಾಗುತ್ತೆ.

ಶುರು ಮಾಡೋ ಮುಂಚೆ ಏನೇನು ಹತ್ರ ಇಟ್ಕೋಬೇಕು

ನಿಮಗೆ ಬಂದ ರಿಜೆಕ್ಷನ್ ಮೇಲ್ ಅಥವಾ ಲೆಟರ್ ಮೊದಲು ತೆಗೀರಿ. ನೆನಪಿಂದ ಬರೀಬೇಡಿ. ಅದರಲ್ಲಿರೋ ತಾರೀಕು, ರೆಫರೆನ್ಸ್ ನಂಬರ್, ಮುಖ್ಯವಾಗಿ ಬೇಡ ಅನ್ನೋಕೆ ಅವರು ಕೊಟ್ಟಿರೋ ಕಾರಣ, ಈ ಮೂರೂ ಕಣ್ಣೆದುರು ಇರಬೇಕು.

ಆಮೇಲೆ ಒಂದು ಲರ್ನರ್ಸ್ ಡಿಕ್ಷನರಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ. ಇಂಗ್ಲಿಷ್-ಕನ್ನಡ ಡಿಕ್ಷನರಿ ಇದ್ರೆ ಒಳ್ಳೇದೇ, ಆದ್ರೆ ಅದು ಹೆಚ್ಚಾಗಿ ಅರ್ಥ ಹೇಳಿ ನಿಲ್ಲುತ್ತೆ. ಆ ವರ್ಬ್ ಆದ್ಮೇಲೆ ಏನು ಬರಬೇಕು ಏನು ಬರಬಾರದು ಅನ್ನೋದನ್ನ ಲರ್ನರ್ಸ್ ಡಿಕ್ಷನರಿ ಉದಾಹರಣೆ ಸಮೇತ ತೋರಿಸುತ್ತೆ.

ಡ್ರಾಫ್ಟ್‌ನ ಫೋನಿನ ನೋಟ್ಸಲ್ಲಿ ಬರೀರಿ. ಅಡ್ರೆಸ್ ತುಂಬಿರೋ ಮೇಲ್ ಬಾಕ್ಸಲ್ಲಿ ಸಿಟ್ಟಲ್ಲಿ ಟೈಪ್ ಮಾಡ್ತಾ ಕೂತ್ರೆ ಅರ್ಧಕ್ಕೇ ಹೋಗಿಬಿಡುತ್ತೆ. ಸ್ಪೆಲ್ ಚೆಕ್ ಇದೆಯಲ್ಲ ಅಂತ ಧೈರ್ಯ ತಗೋಬೇಡಿ, ಇಲ್ಲಿ ಆಗೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ಸ್ಪೆಲಿಂಗ್ ಸರಿ ಇದ್ದೂ ವಾಕ್ಯ ತಪ್ಪಾಗಿರೋ ಥರದ್ದು.

ಹಂತ 1: ಈ ಪದ ಏನು ಕೇಳುತ್ತೆ ಅಂತ ತಿಳ್ಕೊಳಿ

ಆಗ್ಲೇ ತಗೊಂಡಿರೋ ಒಂದು ತೀರ್ಮಾನವನ್ನ, ಬದಲಾಯಿಸಬೇಕಾ ಬೇಡವಾ ಅಂತ, ಇನ್ನೊಂದ್ಸಲ ಯೋಚನೆ ಮಾಡಿ ನೋಡೋದು. ರೀಕನ್ಸಿಡರ್ ಅಂದ್ರೆ ಇಷ್ಟೇ. ಬದಲಾಯಿಸಿ ಅಂತ ಆ ಪದದ ಒಳಗೆ ಎಲ್ಲೂ ಇಲ್ಲ. ಜನ ಎಡವೋದು ಇಲ್ಲೇ. ರೀಕನ್ಸಿಡರ್ ಮಾಡ್ತೀವಿ ಅಂತ ಮೇಲ್ ಬಂದ ತಕ್ಷಣ ಕೆಲಸ ಆಯ್ತು ಅಂತ ಮನೇಲೆಲ್ಲ ಹೇಳಿಬಿಡ್ತಾರೆ, ವಾರ ಬಿಟ್ಟು ಮೊದಲಿನ ಉತ್ತರಾನೇ ಬಂದಾಗ ಮೋಸ ಮಾಡಿದ್ರು ಅಂತಾರೆ. ಮೋಸ ಏನೂ ಆಗಿರಲ್ಲ, ಅವರು ಹೇಳಿದ್ದನ್ನೇ ಮಾಡಿರ್ತಾರೆ.

ಇದನ್ನ ಅರ್ಥ ಮಾಡ್ಕೊಳೋಕೆ ನಮ್ಮ ಸಂವಿಧಾನಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 111ನೇ ವಿಧಿ ಪ್ರಕಾರ ಪಾರ್ಲಿಮೆಂಟ್ ಪಾಸ್ ಮಾಡಿದ ಬಿಲ್ ರಾಷ್ಟ್ರಪತಿಗಳ ಹತ್ರ ಹೋದಾಗ, ಅದು ಮನಿ ಬಿಲ್ (ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ವಿಷಯದ್ದು) ಆಗಿಲ್ಲದಿದ್ರೆ, ಅವರು ಅದನ್ನ ಸದನಗಳಿಗೆ ವಾಪಸ್ ಕಳಿಸಿ ರೀಕನ್ಸಿಡರ್ ಮಾಡಿ ಅಂತ ಕೇಳಬಹುದು, ಇಂಗ್ಲಿಷ್ ಪಠ್ಯದಲ್ಲಿ ಇದೇ ಪದ ಇದೆ. ಸದನಗಳು ಮತ್ತೆ ನೋಡಿ, ತಿದ್ದುಪಡಿ ಮಾಡಿ ಅಥವಾ ಒಂದಕ್ಷರಾನೂ ತಿದ್ದದೆ, ಮತ್ತೆ ಪಾಸ್ ಮಾಡಿ ಕಳಿಸಿದ್ರೆ ಆಗ ರಾಷ್ಟ್ರಪತಿಗಳು ಒಪ್ಪಿಗೆ ತಡೆಹಿಡಿಯೋ ಹಾಗಿಲ್ಲ. ವಿಧಾನಸೌಧದಿಂದ ರಾಜಭವನಕ್ಕೆ ಹೋಗೋ ಬಿಲ್‌ಗಳಿಗೂ 200ನೇ ವಿಧಿಯಲ್ಲಿ ಇದೇ ಥರದ ವ್ಯವಸ್ಥೆ ಇದೆ. 1978ರ 44ನೇ ತಿದ್ದುಪಡಿ ಆದ್ಮೇಲೆ 74ನೇ ವಿಧಿಯಲ್ಲೂ ಇದು ಬಂತು, ಮಂತ್ರಿಮಂಡಲ ಕೊಟ್ಟ ಸಲಹೆಯನ್ನ ರೀಕನ್ಸಿಡರ್ ಮಾಡಿ ಅಂತ ರಾಷ್ಟ್ರಪತಿಗಳು ಕೇಳಬಹುದು, ಆದ್ರೆ ಮತ್ತೆ ನೋಡಿ ಕೊಟ್ಟ ಸಲಹೆ ಪ್ರಕಾರ ಅವರು ನಡ್ಕೊಳಲೇಬೇಕು. ಇಡೀ ಪದದ ಅರ್ಥ ಇಲ್ಲೇ ಇದೆ ನೋಡಿ, ಮತ್ತೆ ನೋಡೋದು ಕಡ್ಡಾಯ, ಬದಲಾಗೋದು ಅವರ ಇಷ್ಟ.

ಇನ್ನೊಂದು, ಫಾರಿನ್‌ಗೆ ಹೋಗೋರಿಗೆ ಗೊತ್ತಿರೋದು. ಅಮೆರಿಕ ಸರ್ಕಾರ ತನ್ನ ಜನಕ್ಕೆ ಯಾವ ದೇಶಕ್ಕೆ ಹೋಗೋದು ಎಷ್ಟು ಸೇಫ್ ಅಂತ 4 ಲೆವೆಲ್‌ನಲ್ಲಿ ಸೂಚನೆ ಕೊಡುತ್ತೆ. ಅದರಲ್ಲಿ 3ನೇ ಲೆವೆಲ್ ಹೆಸರು ರೀಕನ್ಸಿಡರ್ ಟ್ರಾವೆಲ್, 4ನೇದು ಡು ನಾಟ್ ಟ್ರಾವೆಲ್. ಎರಡನ್ನೂ ಬೇರೆ ಬೇರೆ ಇಟ್ಟಿದಾರೆ ಅಂದ್ರೆ ರೀಕನ್ಸಿಡರ್‌ಗೆ ಹೋಗಬೇಡಿ ಅಂತ ಅರ್ಥ ಇಲ್ಲ, ಹೋಗೋ ಯೋಚನೆ ಇದ್ರೆ ಗಟ್ಟಿಯಾಗಿ ಇನ್ನೊಂದ್ಸಲ ಯೋಚಿಸಿ ಅಂತ ಅರ್ಥ.

ಹಂತ 2: ತೀರ್ಮಾನ ನಿಜವಾಗ್ಲೂ ಆಗಿದ್ಯಾ ನೋಡಿ

ಒಂದ್ಸಲ ಕನ್ಸಿಡರ್ ಆಗಿರೋದನ್ನ ಮಾತ್ರ ರೀಕನ್ಸಿಡರ್ ಮಾಡಕ್ಕಾಗೋದು. ಮೊದಲನೇ ಸಲ ಅರ್ಜಿ ಹಾಕ್ತಾ ಪ್ಲೀಸ್ ರೀಕನ್ಸಿಡರ್ ಮೈ ಅಪ್ಲಿಕೇಷನ್ ಅಂತ ಬರೆಯೋರು ತುಂಬಾ ಜನ ಇದಾರೆ, ಉದ್ದ ಪದ ಹಾಕಿದ್ರೆ ಗೌರವ ಜಾಸ್ತಿ ಅನ್ನೋ ಭಾವನೆ ಇರಬೇಕು. ಓದೋ ಎಚ್‌ಆರ್‌ಗೆ ಇವರು ಮುಂಚೆ ರಿಜೆಕ್ಟ್ ಆಗಿದ್ದವರು ಅನ್ನಿಸುತ್ತೆ, ಹಳೇ ಫೈಲ್ ಹುಡುಕೋಕೆ ಹೋಗ್ತಾರೆ. ಮೊದಲ ಅರ್ಜಿಗೆ ಪ್ಲೀಸ್ ಕನ್ಸಿಡರ್ ಮೈ ಅಪ್ಲಿಕೇಷನ್ ಅಂದ್ರೆ ಸಾಕು.

ಸ್ಟೇಟಸ್‌ನಲ್ಲಿ ಪೆಂಡಿಂಗ್, ಅಂಡರ್ ರಿವ್ಯೂ, ಆನ್ ಹೋಲ್ಡ್ ಅಂತ ಇದ್ರೂ ತೀರ್ಮಾನ ಇನ್ನೂ ಆಗಿಲ್ಲ ಅಂತಾನೇ. ಆಗ ಕೇಳಬೇಕಾದ್ದು ಅಪ್‌ಡೇಟ್. ಇನ್ನೂ ಬೇಡ ಅನ್ನದೇ ಇರೋರಿಗೆ ರೀಕನ್ಸಿಡರ್ ಮಾಡಿ ಅಂದ್ರೆ, ನನಗೆ ಬೇಡ ಅಂತ ಬರೋದು ಗೊತ್ತು ಅಂತ ನೀವೇ ಹೇಳ್ಕೊಟ್ಟ ಹಾಗೆ.

ಇದೇ ಹಂತದಲ್ಲಿ ಇನ್ನೊಂದು ನೋಡ್ಬಿಡಿ, ತೀರ್ಮಾನ ತಗೊಂಡೋರು ಯಾರು ಅಂತ. ಕಸ್ಟಮರ್ ಕೇರ್‌ನಲ್ಲಿ ಚಾಟ್ ಮಾಡೋ ಹುಡುಗನಿಗೆ ರೀಕನ್ಸಿಡರ್ ಮಾಡಿ ಅಂತ ಹತ್ತು ಸಲ ಹೇಳಿದ್ರೆ ಪ್ರಯೋಜನ ಇಲ್ಲ, ತೀರ್ಮಾನ ಆ ಹುಡುಗಂದಲ್ಲ. ಲೆಟರ್ ಕೆಳಗೆ ಸಹಿ ಹಾಕಿರೋರ ಹುದ್ದೆ ಏನಿದೆ ಅಂತ ನೋಡಿ ಅವರಿಗೇ ಬರೀರಿ.

ಹಂತ 3: ಈ ಪದ ಕೆಲಸ ಮಾಡೋ ಜಾಗಾನಾ ಅಂತ ನೋಡಿ

ಕೆಲವು ಕಡೆ ತೀರ್ಮಾನ ಬದಲಾಗೋಕೆ ಕಾನೂನೇ ಒಂದು ದಾರಿ ಹಾಕಿರುತ್ತೆ, ಅದಕ್ಕೊಂದು ಹೆಸರು, ಒಂದು ಗಡುವು ಇರುತ್ತೆ. ಅಲ್ಲಿ ರೀಕನ್ಸಿಡರ್ ಅಂತ ಲೆಟರ್ ಬರೆದು ಕಾಯ್ತಾ ಕೂತ್ರೆ ಗಡುವು ದಾಟಿ ಹೋಗುತ್ತೆ. ಈ ಬರಹದಲ್ಲಿ ನಿಜವಾದ ನಷ್ಟ ಆಗೋ ಜಾಗ ಇದೊಂದೇ, ಬೇರೆ ತಪ್ಪುಗಳು ಮರ್ಯಾದೆ ಪ್ರಶ್ನೆ ಅಷ್ಟೇ.

ಆರ್‌ಟಿಐ ತಗೊಳಿ. ಮಾಹಿತಿ ಕೊಡಲ್ಲ ಅಂತ ಬಂದ್ರೆ 2005ರ ಕಾಯ್ದೆ ಪ್ರಕಾರ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು, ಮೇಲಿನ ಅಧಿಕಾರಿಗೆ. ಅದೇ ಮಾಹಿತಿ ಅಧಿಕಾರಿಗೆ ದಯವಿಟ್ಟು ರೀಕನ್ಸಿಡರ್ ಮಾಡಿ ಅಂತ ಪತ್ರ ಬರೆದ್ರೆ ಅದು ಮೇಲ್ಮನವಿ ಅನ್ನಿಸ್ಕೊಳಲ್ಲ, ಆದ್ರೆ ದಿನ ಮಾತ್ರ ಓಡ್ತಾನೇ ಇರುತ್ತೆ. ಇಲ್ಲಿ ಬೇಕಾದ ಪದ ಅಪೀಲ್.

ಸೆಕೆಂಡ್ ಪಿಯುಸಿ ಮಾರ್ಕ್ಸ್ ಕಮ್ಮಿ ಬಂತು ಅಂತ ಮಲ್ಲೇಶ್ವರದ ಬೋರ್ಡ್ ಆಫೀಸಿಗೆ ಪತ್ರ ಹಿಡ್ಕೊಂಡು ಹೋಗೋ ಪೋಷಕರಿಗೂ ಇದೇ ಮಾತು. ಸ್ಕ್ಯಾನ್ ಆಗಿರೋ ಉತ್ತರಪತ್ರಿಕೆ ತರಿಸ್ಕೊಳೋದು, ಮರುಎಣಿಕೆ, ಮರುಮೌಲ್ಯಮಾಪನ, ಇವು ಅಲ್ಲಿನ ದಾರಿಗಳು, ಪ್ರತಿಯೊಂದಕ್ಕೂ ಫೀಸು ಮತ್ತೆ ಕೊನೇ ದಿನಾಂಕ ಇರುತ್ತೆ. ಎಷ್ಟು ಚೆನ್ನಾಗಿ ಇಂಗ್ಲಿಷ್ ಬರೆದ್ರೂ ಪತ್ರಕ್ಕೆ ಮಾರ್ಕ್ಸ್ ಬರಲ್ಲ.

ಅಮೆರಿಕದ ವಿಸಿಟರ್ ಅಥವಾ ಸ್ಟೂಡೆಂಟ್ ವೀಸಾ ಅಲ್ಲಿನ ವಲಸೆ ಕಾನೂನಿನ 214 ಬಿ ಸೆಕ್ಷನ್ ಪ್ರಕಾರ ರಿಫ್ಯೂಸ್ ಆಯ್ತು ಅಂದ್ರೆ ಅದಕ್ಕೆ ಅಪೀಲೇ ಇಲ್ಲ, ಪರಿಸ್ಥಿತಿ ಬದಲಾಗಿದ್ರೆ ಹೊಸದಾಗಿ ಫಾರ್ಮ್ ತುಂಬಿ ಫೀಸು ಕಟ್ಟಿ ಮತ್ತೆ ಅಪ್ಲೈ ಮಾಡ್ಬೇಕು. ಕಾನ್ಸುಲೇಟ್‌ಗೆ ರೀಕನ್ಸಿಡರ್ ಅಂತ ಕಳಿಸೋ ಮೇಲ್‌ನಿಂದ ಏನೂ ಆಗಲ್ಲ.

ಇನ್ಶೂರೆನ್ಸ್ ಮಾತ್ರ ಬೇರೆ. ಅಲ್ಲಿ ಈ ಪತ್ರ ಬೇಕೇ ಬೇಕು. ಬೆಂಗಳೂರಲ್ಲಿ ಜೆ.ಪಿ. ನಗರದಲ್ಲಿರೋ, ಇನ್ಶೂರೆನ್ಸ್ ಕಂಪನಿ ಮೇಲಿನ ದೂರು ವಿಚಾರಿಸೋ ಇನ್ಶೂರೆನ್ಸ್ ಓಂಬಡ್ಸ್‌ಮನ್ ಹತ್ರ ದೂರು ತಗೊಂಡು ಹೋಗೋ ಮುಂಚೆ ನೀವು ಕಂಪನಿಗೇ ಲಿಖಿತವಾಗಿ ಕೇಳಿರಬೇಕು, ಅವರು ಮತ್ತೆ ಆಗಲ್ಲ ಅಂದಿರಬೇಕು, ಅಥವಾ ಒಂದು ತಿಂಗಳು ಉತ್ತರ ಕೊಡದೇ ಇರಬೇಕು, ಅಥವಾ ಕೊಟ್ಟ ಉತ್ತರ ನಿಮಗೆ ಸಮಾಧಾನ ತಂದಿರಬಾರದು. ಹಾಗಾಗಿ ಕ್ಲೇಮ್ ರೀಕನ್ಸಿಡರ್ ಮಾಡಿ ಅಂತ ಬರೆದ ಪತ್ರ, ಅದು ತಲುಪಿದ ದಾಖಲೆ, ಎರಡನ್ನೂ ಜೋಪಾನವಾಗಿ ಇಡಿ. ಓಂಬಡ್ಸ್‌ಮನ್ ಹತ್ರ ಹೋಗೋಕೆ, ಕಂಪನಿ ಉತ್ತರ ಬಂದಾಗಿಂದ ಅಥವಾ ಉತ್ತರ ಇಲ್ಲದೆ ಆ ಒಂದು ತಿಂಗಳು ಮುಗಿದಾಗಿಂದ, ಒಂದು ವರ್ಷದ ಗಡುವು ಇದೆ.

ಆಫೀಸು, ಕಾಲೇಜಿನ ಹಾಸ್ಟೆಲ್, ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಕ್ಲೈಂಟ್, ಇಂಟರ್‌ವ್ಯೂ ಮಾಡಿದ ಕಂಪನಿ, ಇಂಥ ಕಡೆ ಈ ಪದಕ್ಕೆ ಒಳ್ಳೆ ಜಾಗ ಇದೆ. ಮನೆ ಓನರ್ ಕನ್ನಡದೋರಾಗಿದ್ರೆ ಮಾತ್ರ ದಯವಿಟ್ಟು ಇಂಗ್ಲಿಷ್ ವಾಟ್ಸಾಪ್ ಹಾಕ್ಬೇಡಿ. ಸಂಜೆ ಒಂದ್ಸಲ ಮೇಲೆ ಹೋಗಿ, ಅಂಕಲ್, ಬಾಡಿಗೆ ವಿಷಯ ಸ್ವಲ್ಪ ಇನ್ನೊಂದ್ಸಲ ಯೋಚ್ನೆ ಮಾಡಿ ನೋಡಿ, ಈ ವರ್ಷ ಇಷ್ಟು ಕೊಡೋದು ಕಷ್ಟ ಆಗ್ತಿದೆ ಅಂದ್ರೆ ಅದಕ್ಕಿರೋ ತೂಕ ಯಾವ ರೀಕನ್ಸಿಡರ್‌ಗೂ ಇಲ್ಲ.

ಹಂತ 4: ಅಕ್ಕಪಕ್ಕದ ವರ್ಬ್‌ಗಳಿಂದ ಬೇರೆ ಮಾಡ್ಕೊಳಿ

ನಿಮಗೆ ಬೇಕಾಗಿರೋದು ರೀಕನ್ಸಿಡರ್ ಹೌದಾ, ಇಲ್ಲ ಅದರ ಪಕ್ಕದ್ದಾ?

ರಿವ್ಯೂ ಅಂದ್ರೆ ಒಂದು ಕಡೆಯಿಂದ ಪರಿಶೀಲಿಸೋದು, ಅಲ್ಲಿ ತೀರ್ಮಾನ ಬದಲಾಗಬೇಕು ಅನ್ನೋ ಒತ್ತಾಯ ಇಲ್ಲ, ಮೊದಲನೇ ಸಲಾನೂ ರಿವ್ಯೂ ಮಾಡಬಹುದು. ರೀಥಿಂಕ್ ಇನ್ನೂ ಆಳದ್ದು, ಪ್ಲಾನ್‌ನೇ ಬುಡದಿಂದ ಯೋಚಿಸೋದು. ಬಾಸ್‌ಗೆ ನಿಮ್ಮ ಸ್ಟ್ರಾಟಜಿ ರೀಥಿಂಕ್ ಮಾಡಿ ಅಂದ್ರೆ ನಿಮ್ಮ ಐಡಿಯಾನೇ ಸರಿ ಇಲ್ಲ ಅಂದ ಹಾಗೆ ಕೇಳಿಸುತ್ತೆ, ಹುಷಾರು. ರೀವಿಸಿಟ್ ಅಂದ್ರೆ ಆ ವಿಷಯಕ್ಕೆ ಮತ್ತೆ ಬರೋಣ ಅಂತ. ಆಫೀಸ್ ಮೀಟಿಂಗಲ್ಲಿ ಇದನ್ನ ಮುಂದಿನ ಕ್ವಾರ್ಟರ್ ರೀವಿಸಿಟ್ ಮಾಡೋಣ ಅಂದ್ರೆ ಬಹಳ ಸಲ ಈಗ ಬೇಡ ಅಂತ ಮಾತ್ರ ಅರ್ಥ.

ರಿವೈಸ್ ಅಂದ್ರೆ ತಿದ್ದಿಬಿಡೋದು, ಬದಲಾವಣೆ ಆಗೇ ಆಗುತ್ತೆ. ರಿವರ್ಸ್ ಅಂದ್ರೆ ತೀರ್ಮಾನ ಪೂರ್ತಿ ಉಲ್ಟಾ. ವಿತ್‌ಡ್ರಾ ಅಂದ್ರೆ ಕೊಟ್ಟಿದ್ದನ್ನ ವಾಪಸ್ ತಗೊಳೋದು, ನಿಮ್ಮ ರಾಜೀನಾಮೆ ನೀವು ವಾಪಸ್ ತಗೋಬೇಕಾದ್ರೆ ಈ ಪದ. ಕ್ರೆಡಿಟ್ ಕಾರ್ಡ್ ಲೇಟ್ ಫೀಸ್ ತೆಗೆಸ್ಬೇಕಾದ್ರೆ ಬೇಕಾದ ವರ್ಬ್ ವೇವ್. ಪ್ಲೀಸ್ ವೇವ್ ದ ಲೇಟ್ ಫೀ ಅಂದ್ರೆ ಏನು ಬೇಕು ಅಂತ ನೇರವಾಗಿ ಗೊತ್ತಾಗುತ್ತೆ, ರೀಕನ್ಸಿಡರ್ ಅಂದ್ರೆ ಏನನ್ನ ಅಂತ ಅವರು ವಾಪಸ್ ಕೇಳ್ತಾರೆ.

ಬ್ಯಾಂಕಿಗೆ ಬರೆಯೋರು ಇನ್ನೊಂದು ಗಮನಿಸಿ, ರೀಕನ್ಸಿಡರ್ ಬೇರೆ, ರೆಕನ್ಸೈಲ್ ಬೇರೆ. ರೆಕನ್ಸೈಲ್ ಅಂದ್ರೆ ಲೆಕ್ಕ ತಾಳೆ ನೋಡೋದು. ಮೈ ಲೋನ್ ಪ್ಲೀಸ್ ರೆಕನ್ಸೈಲ್ ಅಂತ ಹೋದ್ರೆ ನಿಮಗೆ ಸ್ಟೇಟ್‌ಮೆಂಟ್ ಕಳಿಸಿ ಸುಮ್ನಾಗ್ತಾರೆ.

ಐಟಿ ಕಂಪನಿಲಿ ಇರೋರಿಗೆ ವಿಶೇಷವಾಗಿ ಹೇಳಬೇಕಾದ್ದು ಕೈಂಡ್ಲಿ ರೀಕನ್ಸಿಡರ್ ಅಂಡ್ ರಿವರ್ಟ್ ಅನ್ನೋ ಲೈನು. ನಮ್ಮ ಆಫೀಸ್ ಇಂಗ್ಲಿಷ್‌ನಲ್ಲಿ ರಿವರ್ಟ್ ಅಂದ್ರೆ ಉತ್ತರ ಕೊಡಿ ಅಂತ, ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ. ಅಮೆರಿಕದ ಅಥವಾ ಇಂಗ್ಲೆಂಡಿನ ಕ್ಲೈಂಟ್‌ಗೆ ಅದು ಮೊದಲಿನ ಸ್ಥಿತಿಗೆ ವಾಪಸ್ ತಗೊಂಡು ಹೋಗಿ ಅಂತ ಕಾಣುತ್ತೆ. ಕೋಡ್ ರಿವ್ಯೂ ಕಾಮೆಂಟಲ್ಲಿ ಬರೆದ್ರಂತೂ, ಕೋಡ್ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ರಿವರ್ಟ್ ಅನ್ನೋದು ಮಾಡಿದ ಬದಲಾವಣೆ ತೆಗೆದುಹಾಕೋ ಕಮಾಂಡೇ ಆಗಿರೋದ್ರಿಂದ, ಒಬ್ಬರು ಉತ್ತರ ಕೊಡಿ ಅಂತ ಬರೆದಿದ್ದನ್ನ ಇನ್ನೊಬ್ಬರು ಕೋಡ್ ವಾಪಸ್ ತೆಗೀರಿ ಅಂತ ಓದ್ಕೋಬಹುದು. ಅಂಡ್ ಲೆಟ್ ಮಿ ನೋ ಅಂತ ಬರೀರಿ, ಯಾರಿಗೂ ಗೊಂದಲ ಇಲ್ಲ.

ಹಂತ 5: ವಾಕ್ಯ ಕಟ್ಟಿ

ಈಗ ಗ್ರಾಮರ್. ಇದು ಉದ್ದ ಇದೆ, ನಿಧಾನವಾಗಿ ಓದಿ.

ಮೊದಲನೇದು, ಈ ವರ್ಬ್ ಆದ್ಮೇಲೆ ಸೀದಾ ವಸ್ತು ಬರಬೇಕು. ರೀಕನ್ಸಿಡರ್ ದ ಡಿಸಿಷನ್. ರೀಕನ್ಸಿಡರ್ ಅಬೌಟ್ ದ ಡಿಸಿಷನ್ ತಪ್ಪು, ರೀಕನ್ಸಿಡರ್ ಆನ್ ತಪ್ಪು, ರೀಕನ್ಸಿಡರ್ ಫಾರ್ ಮೈ ಅಪ್ಲಿಕೇಷನ್ ಕೂಡ ತಪ್ಪು. ನಾವು ಕನ್ನಡದಲ್ಲಿ ಅದರ ಬಗ್ಗೆ ಯೋಚ್ನೆ ಮಾಡಿ ಅಂತೀವಲ್ಲ, ಆ ಬಗ್ಗೆ ಅನ್ನೋದು ಅಬೌಟ್ ಆಗಿ ನುಸುಳುತ್ತೆ. ಡಿಸ್ಕಸ್ ಅಬೌಟ್ ಅನ್ನೋ ತಪ್ಪು ಮಾಡೋರೆಲ್ಲ ಇದನ್ನೂ ಮಾಡ್ತಾರೆ. ಥಿಂಕ್ ಅಬೌಟ್ ಸರಿ, ರೀಕನ್ಸಿಡರ್ ಅಬೌಟ್ ಇಲ್ಲ. ಫಾರ್ ಬರೋ ಜಾಗ ಒಂದಿದೆ, ವ್ಯಕ್ತಿ ಅಥವಾ ವಸ್ತು ನಡುವೆ ಬಂದಾಗ. ಪ್ಲೀಸ್ ರೀಕನ್ಸಿಡರ್ ಮಿ ಫಾರ್ ದ ಪೋಸ್ಟ್, ಇದು ಸರಿ.

ಎರಡನೇದು, ರೀಕನ್ಸಿಡರ್ ಅಗೇನ್ ಬೇಡ. ರೀ ಅನ್ನೋದರಲ್ಲೇ ಮತ್ತೆ ಇದೆ. ಅಗೇನ್ ಹಾಕಿದ್ರೆ ಮೂರನೇ ಸಲ ನೋಡಿ ಅಂತಾಗುತ್ತೆ, ನಿಜವಾಗ್ಲೂ ಮೂರನೇ ಸಲ ಆಗಿದ್ರೆ ಹಾಕಿ.

ಮೂರನೇದು, ಯಾರಿಗೆ ಅನ್ನೋದು ಬಿಟ್ಟುಹೋಗೋದು. ಐ ರಿಕ್ವೆಸ್ಟ್ ಟು ರೀಕನ್ಸಿಡರ್ ಅಂತ ಬರೀತಾರೆ, ನಡುವಿನ ಯೂ ಕಾಣೆ. ಐ ರಿಕ್ವೆಸ್ಟ್ ಯೂ ಟು ರೀಕನ್ಸಿಡರ್ ಅಂತ ಬರೀಬೇಕು.

ನಾಲ್ಕನೇದು ಸ್ವಲ್ಪ ಸೂಕ್ಷ್ಮ. ವರ್ಬ್ ಆದ್ಮೇಲೆ ಇನ್ನೊಂದು ಕ್ರಿಯೆ ಬರಬೇಕಾದ್ರೆ ಟು ಬರಲ್ಲ, ಇಂಗ್ ರೂಪ ಬರುತ್ತೆ. ರೀಕನ್ಸಿಡರ್ ಟು ಜಾಯಿನ್ ತಪ್ಪು, ರೀಕನ್ಸಿಡರ್ ಜಾಯಿನಿಂಗ್ ಗ್ರಾಮರ್ ಪ್ರಕಾರ ಸರಿ. ಆದ್ರೆ ಅರ್ಥ ಎರಡು ಕಡೆ ಹೋಗುತ್ತೆ. ಒಂದು ಕಂಪನಿ ಆಫರ್ ಕೊಟ್ಟಿದೆ, ನೀವು ಬೇಡ ಅಂದಿದ್ರಿ, ಈಗ ಮನಸ್ಸು ಬದಲಾಗಿದೆ ಅಂದ್ಕೊಳಿ. ಐ ಆಮ್ ರೀಕನ್ಸಿಡರಿಂಗ್ ಜಾಯಿನಿಂಗ್ ಅಂತ ಬರೆದ್ರೆ, ಓದೋರಿಗೆ ಸೇರ್ತೀನಿ ಅಂದಿದ್ದೋರು ಈಗ ಹಿಂದೆ ಸರೀತಿದಾರೆ ಅಂತಾನೂ ಕಾಣಬಹುದು. ಇಂಥ ಕಡೆ ತೀರ್ಮಾನ ಏನಾಗಿತ್ತು ಅಂತ ಬಿಡಿಸಿ ಬರೀರಿ, ಐ ವುಡ್ ಲೈಕ್ ಟು ರೀಕನ್ಸಿಡರ್ ಮೈ ಡಿಸಿಷನ್ ನಾಟ್ ಟು ಜಾಯಿನ್. ಡಿಸಿಷನ್ ಅನ್ನೋ ಪದ ಬಂದ್ರೆ ಟು ವಾಪಸ್ ಬರಬಹುದು, ಆ ಟು ಡಿಸಿಷನ್‌ಗೆ ಸೇರಿದ್ದು. ನನ್ನ ಅನುಭವದಲ್ಲಿ ರೀಕನ್ಸಿಡರ್ ಜೊತೆ ಡಿಸಿಷನ್ ಅಂತ ಯಾವಾಗ್ಲೂ ಬರೆಯೋದೇ ಕ್ಷೇಮ.

ಐದನೇದು, ದಟ್ ಬೇಡ. ರೀಕನ್ಸಿಡರ್ ದಟ್ ಯೂ ರಿಜೆಕ್ಟೆಡ್ ಮಿ ಅಂತ ಆಗಲ್ಲ. ವೆದರ್, ಹೌ, ವಾಟ್ ಆಗುತ್ತೆ, ಉದಾಹರಣೆಗೆ ವಿ ಆರ್ ರೀಕನ್ಸಿಡರಿಂಗ್ ವೆದರ್ ಟು ರಿನ್ಯೂ ದ ಲೀಸ್.

ಆರನೇದು, ನಾವು ಮಾತಾಡುವಾಗ ರೀಕನ್ಸಿಡರ್ ಮಾಡಿ ಅಂತೀವಿ, ಆ ಮಾಡಿ ಇಂಗ್ಲಿಷ್‌ಗೆ ಹೋಗಿ ಪ್ಲೀಸ್ ಡು ದ ರೀಕನ್ಸಿಡರ್ ಆಗುತ್ತೆ. ರೀಕನ್ಸಿಡರ್ ನೌನ್ ಅಲ್ಲ, ದ ಹಿಡಿಸಲ್ಲ. ನೌನ್ ಬೇಕಾದ್ರೆ ರೀಕನ್ಸಿಡರೇಷನ್, ಅದಾದ್ಮೇಲೆ ಆಫ್ ಬೇಕು, ಐ ಆಮ್ ರೈಟಿಂಗ್ ಟು ರಿಕ್ವೆಸ್ಟ್ ರೀಕನ್ಸಿಡರೇಷನ್ ಆಫ್ ಮೈ ಕ್ಲೇಮ್. ಮೇಲ್‌ನ ಸಬ್ಜೆಕ್ಟ್ ಲೈನ್‌ಗೆ ಈ ನೌನ್ ಚೆನ್ನಾಗಿ ಕೂರುತ್ತೆ. ಇನ್ನು ಪ್ಲೀಸ್ ಡು ರೀಕನ್ಸಿಡರ್, ದ ಇಲ್ಲದೆ, ಇದು ಸರಿಯಾದ ಇಂಗ್ಲಿಷೇ, ಒತ್ತಿ ಹೇಳೋ ರೀತಿ, ಆದ್ರೆ ಪರಿಚಯದೋರಿಗೆ ಮಾತ್ರ ಒಪ್ಪುತ್ತೆ.

ಸ್ಪೆಲಿಂಗ್ ಬಗ್ಗೆ ಎರಡೇ ಮಾತು. ಎಸ್ ಬರೋ ಕಡೆ ಸಿ ಹಾಕ್ಬೇಡಿ, ನಡುವೆ ಅಡ್ಡಗೆರೆ ಬೇಡ. ಭೂತಕಾಲದಲ್ಲಿ ಆರ್ ಎರಡಾಗಲ್ಲ, ಕೊನೇಲಿ ಇ, ಡಿ ಎರಡು ಅಕ್ಷರ ಸೇರಿಸಿದ್ರೆ ಮುಗೀತು.

ಹಂತ 6: ಹೊಸ ಕಾರಣ ಕೊಡಿ, ಮೇಲ್ ಬರೀರಿ

ಮತ್ತೆ ನೋಡಿ ಅಂದ್ರೆ ಅವರು ಕೇಳೋ ಮೊದಲ ಪ್ರಶ್ನೆ, ಹೊಸದೇನಿದೆ? ಅದೇ ಕಾಗದ ಅದೇ ಕಾರಣ ಇಟ್ಕೊಂಡು ಮತ್ತೆ ನೋಡಿದ್ರೆ ಅದೇ ಉತ್ತರ ಬರುತ್ತೆ. ಹೊಸದು ಅಂದ್ರೆ ಮೂರು ಥರ ಇರಬಹುದು. ಆಗ ಇಲ್ಲದಿದ್ದ ದಾಖಲೆ ಈಗ ಸಿಕ್ಕಿದೆ, ಆಮೇಲೆ ಪರಿಸ್ಥಿತಿ ಬದಲಾಗಿದೆ, ಅಥವಾ ಅವರು ಒಂದು ವಿಷಯ ಗಮನಿಸಿಲ್ಲ. ಮೂರನೇದನ್ನ ಹೇಳುವಾಗ ನೀವು ನೋಡಿಲ್ಲ ಅನ್ನೋ ಧ್ವನಿ ಬರದ ಹಾಗೆ, ದಯವಿಟ್ಟು ಈ ಪುಟ ನೋಡಿ ಅಂತ ಬರೀರಿ. ಈ ಮೂರರಲ್ಲಿ ಒಂದೂ ಇಲ್ಲ ಅಂದ್ರೆ ಮೇಲ್ ಕಳಿಸೋದು ಬೇಡ, ಮೊದಲು ಕಾರಣ ಹುಡುಕಿ.

ಒಂದು ಮೇಲ್ ಹತ್ರದಿಂದ ನೋಡೋಣ. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಕೆಂಗೇರಿಲಿ ಮನೆ, ಸೆಕೆಂಡ್ ಶಿಫ್ಟ್‌ಗೆ ಹಾಕಿದಾರೆ. ಸಾಮಾನ್ಯವಾಗಿ ಬರೋ ಡ್ರಾಫ್ಟ್ ಹೀಗಿರುತ್ತೆ:

ರೆಸ್ಪೆಕ್ಟೆಡ್ ಸರ್, ಐ ಆಮ್ ಫೇಸಿಂಗ್ ಲಾಟ್ ಆಫ್ ಪ್ರಾಬ್ಲಮ್ಸ್ ಡ್ಯೂ ಟು ಶಿಫ್ಟ್. ಐ ರಿಕ್ವೆಸ್ಟ್ ಟು ಕೈಂಡ್ಲಿ ರೀಕನ್ಸಿಡರ್ ಅಗೇನ್ ಅಬೌಟ್ ಮೈ ಶಿಫ್ಟ್ ಅಂಡ್ ಡು ದ ನೀಡ್‌ಫುಲ್.

ಗ್ರಾಮರ್ ಹಲವು ಕಡೆ ತಪ್ಪಿದೆ, ಅದು ಸಣ್ಣ ವಿಷಯ. ದೊಡ್ಡ ವಿಷಯ ಅಂದ್ರೆ ಯಾವ ತೀರ್ಮಾನ, ಏನು ಪ್ರಾಬ್ಲಮ್, ಏನು ಬೇಕು, ಒಂದೂ ಇಲ್ಲ. ಮ್ಯಾನೇಜರ್ ಒಳ್ಳೇವರಾದ್ರೂ ಇದಕ್ಕೆ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ. ಈಗ ಇದನ್ನ ನೋಡಿ:

ಡಿಯರ್ ಸರ್, ಐ ರಿಕ್ವೆಸ್ಟ್ ಯೂ ಟು ರೀಕನ್ಸಿಡರ್ ದ ಡಿಸಿಷನ್ ಆಫ್ 9 ಜೂನ್ ಟು ಮೂವ್ ಮಿ ಟು ದ ಸೆಕೆಂಡ್ ಶಿಫ್ಟ್. ಸಿನ್ಸ್ ದೆನ್, ದ ಆಫೀಸ್ ಕ್ಯಾಬ್ ಟು ಕೆಂಗೇರಿ ಹ್ಯಾಸ್ ಬೀನ್ ಸ್ಟಾಪ್ಡ್. ದ ಶಿಫ್ಟ್ ಎಂಡ್ಸ್ ಅಟ್ 12:30 ಎಎಂ, ಆಫ್ಟರ್ ದ ಲಾಸ್ಟ್ ಮೆಟ್ರೋ. ಐ ಕ್ಯಾನ್ ಟೇಕ್ ದ ಫಸ್ಟ್ ಶಿಫ್ಟ್, ಆರ್ ಸ್ಟೇ ಇನ್ ದ ಸೆಕೆಂಡ್ ಇಫ್ ದ ಕ್ಯಾಬ್ ಈಸ್ ರೆಸ್ಟೋರ್ಡ್. ಕುಡ್ ಯೂ ಪ್ಲೀಸ್ ಲೆಟ್ ಮಿ ನೋ ಬೈ ಫ್ರೈಡೇ?

ಕ್ರಮ ಗಮನಿಸಿ. ಮೊದಲ ವಾಕ್ಯದಲ್ಲೇ ತೀರ್ಮಾನ ಮತ್ತು ತಾರೀಕು ಬಂತು. ಎರಡನೇದರಲ್ಲಿ ಆಮೇಲೆ ಬದಲಾಗಿದ್ದೇನು ಅಂತ ಬಂತು, ಸಿನ್ಸ್ ದೆನ್ ಅನ್ನೋ ಎರಡು ಪದ ಇಲ್ಲಿ ತುಂಬಾ ಕೆಲಸ ಮಾಡುತ್ತೆ, ನಿಮ್ಮ ತೀರ್ಮಾನ ಆವತ್ತಿಗೆ ಸರಿಯಾಗೇ ಇತ್ತು ಅಂತ ಮ್ಯಾನೇಜರ್ ಮರ್ಯಾದೆ ಕಾಪಾಡುತ್ತೆ. ಮೆಟ್ರೋ ವಿಷಯ ಯಾರು ಬೇಕಾದ್ರೂ ಚೆಕ್ ಮಾಡ್ಕೊಳಬಹುದಾದ ಸತ್ಯ. ಆಮೇಲೆ ಒಪ್ಪಕ್ಕೆ ಸುಲಭ ಆಗೋ ಹಾಗೆ ಎರಡು ದಾರಿ, ಕೊನೇಲಿ ಒಂದು ದಿನ. ಮನೇಲಿ ವಯಸ್ಸಾದ ಅಪ್ಪ ಅಮ್ಮ ಇದಾರೆ ಅನ್ನೋದು ನಿಜವಾದ ಕಾರಣ ಆಗಿದ್ರೆ ಅದನ್ನೂ ಒಂದು ವಾಕ್ಯದಲ್ಲಿ ಸೇರಿಸಿ, ಎರಡು ಪ್ಯಾರಾ ಬೇಡ.

ಅಪಾಯದ ಸೂಚನೆಗಳು: ಡ್ರಾಫ್ಟಲ್ಲಿ ಕೈಂಡ್ಲಿ ಎರಡು ಸಲಕ್ಕಿಂತ ಜಾಸ್ತಿ ಬಂದಿದೆ, ಪ್ರಾಬ್ಲಮ್ ಅನ್ನೋ ಪದ ಇದೆ ಆದ್ರೆ ಏನು ಪ್ರಾಬ್ಲಮ್ ಅಂತ ಇಲ್ಲ, ತಾರೀಕೇ ಇಲ್ಲ, ಅನ್‌ಫೇರ್ ಅನ್ನೋ ಪದ ಮೊದಲ ವಾಕ್ಯದಲ್ಲೇ ಬಂದಿದೆ. ಇವುಗಳಲ್ಲಿ ಯಾವುದು ಕಂಡ್ರೂ ಕಳಿಸಬೇಡಿ, ಮತ್ತೆ ಬರೀರಿ.

ಹಂತ 7: ಬಾಯಲ್ಲಿ ಹೇಳುವಾಗ, ಬೇರೆಯವರು ಹೇಳಿದಾಗ

ಉಚ್ಚಾರಣೆ ರೀ-ಕನ್-ಸಿ-ಡರ್, ಒತ್ತು ಸಿ ಮೇಲೆ. ರೀ ಮೇಲೆ ಜೋರಾಗಿ ಒತ್ತಿದ್ರೆ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತೆ, ಫೋನಲ್ಲಂತೂ ಜಾಸ್ತಿ. ಎದುರು ಕೂತು ಕೇಳುವಾಗ ವುಡ್ ಯೂ ಬಿ ವಿಲ್ಲಿಂಗ್ ಟು ರೀಕನ್ಸಿಡರ್ ಅಂತ ಕೇಳಿ, ಪ್ರಶ್ನೆಯಾಗಿ ಕೇಳಿದ್ರೆ ಅವರಿಗೆ ಹೂಂ ಅನ್ನೋಕೆ ಜಾಗ ಸಿಗುತ್ತೆ. ಯೂ ಮಸ್ಟ್ ರೀಕನ್ಸಿಡರ್ ಅನ್ನೋದು ಆಪ್ತ ಸ್ನೇಹಿತರಿಗೆ ಮಾತ್ರ.

ವಾಪಸ್ ನಿಮಗೆ ಯಾರಾದ್ರೂ ಹೇಳಿದಾಗ ಇನ್ನೂ ಹುಷಾರಾಗಿ ಕೇಳಿಸ್ಕೋಬೇಕು. ಫಾರಿನ್ ಮ್ಯಾನೇಜರ್ ಕಾಲ್‌ನಲ್ಲಿ, ಯೂ ಮೇ ವಾಂಟ್ ಟು ರೀಕನ್ಸಿಡರ್ ದಟ್ ಅಂದ್ರು ಅಂದ್ಕೊಳಿ. ಪದಕ್ಕೆ ಪದ ನೋಡಿದ್ರೆ ಬೇಕಾದ್ರೆ ಯೋಚಿಸಿ ಅಂತ, ಆದ್ರೆ ಅವರು ಹೇಳ್ತಿರೋದು ಅದನ್ನ ಮಾಡ್ಬೇಡಿ ಅಂತ, ಮೆಲ್ಲಗೆ. ನಮ್ಮಲ್ಲಿ ಹಿರಿಯರು ನೋಡಪ್ಪ, ಇನ್ನೊಂದ್ಸಲ ಯೋಚ್ನೆ ಮಾಡು ಅಂದಾಗ ಅದರ ಅರ್ಥ ಏನು ಅಂತ ಮನೇಲಿ ಎಲ್ಲರಿಗೂ ಗೊತ್ತಿರುತ್ತಲ್ಲ, ಇದೂ ಅದೇ ಥರ. ಓಕೆ ಅಂತ ಹೇಳಿ ಅದೇ ಪ್ಲಾನ್ ಮುಂದುವರಿಸಿದ್ರೆ ಮುಂದಿನ ರಿವ್ಯೂನಲ್ಲಿ ಕಷ್ಟ.

ರಾಜೀನಾಮೆ ಕೊಟ್ಟಾಗ ಎಚ್‌ಆರ್ ಕೇಳೋ ವುಡ್ ಯೂ ರೀಕನ್ಸಿಡರ್ ಅನ್ನೋದು ನಿಜವಾದ ಪ್ರಶ್ನೆ. ಅಲ್ಲಿ ತಕ್ಷಣ ಹೌದು ಇಲ್ಲ ಅನ್ನಬೇಡಿ, ವಾಟ್ ಕ್ಯಾನ್ ಚೇಂಜ್ ಇಫ್ ಐ ಡು ಅಂತ ವಾಪಸ್ ಕೇಳಿ. ಸಂಬಳ, ಟೀಮು, ಊರು, ಏನು ಬದಲಾಗುತ್ತೆ ಅಂತ ಅವರು ಬರವಣಿಗೆಯಲ್ಲಿ ಕೊಟ್ರೆ ಮಾತ್ರ ಯೋಚನೆ ಮಾಡೋಕೆ ಏನಾದ್ರೂ ಇರುತ್ತೆ. ಮೇಲ್ ಬರೆಯೋವಾಗ ನೀವು ಅವರಿಗೆ ಕೊಡೋ ಹೊಸ ಕಾರಣ ಇದೆಯಲ್ಲ, ಈಗ ಅದನ್ನ ನೀವು ಅವರ ಹತ್ರ ಕೇಳ್ತಿದೀರ ಅಷ್ಟೇ.

ಹಂತ 8: ಉತ್ತರ ಬಂದ ಮೇಲೆ ಸರಿಯಾಗಿ ಓದಿ

ಅಪಾನ್ ರೀಕನ್ಸಿಡರೇಷನ್ ಅಂತ ಶುರುವಾಗೋ ಉತ್ತರ ನೋಡಿ ಖುಷಿ ಪಡಬೇಡಿ. ಅದು ಮತ್ತೆ ನೋಡಿದ್ವಿ ಅಂತ ಮಾತ್ರ ಹೇಳುತ್ತೆ, ಫಲಿತಾಂಶ ಮುಂದಿನ ವರ್ಬ್‌ನಲ್ಲಿದೆ. ಅಪ್‌ಹೋಲ್ಡ್ ಅಥವಾ ಸ್ಟ್ಯಾಂಡ್ಸ್ ಅಂತ ಇದ್ರೆ ಮೊದಲಿನ ತೀರ್ಮಾನಾನೇ ಉಳೀತು. ರಿವರ್ಸ್ಡ್ ಅಥವಾ ಓವರ್‌ಟರ್ನ್ಡ್ ಅಂದ್ರೆ ನಿಮ್ಮ ಕಡೆ ಆಯ್ತು. ಮಾಡಿಫೈಡ್ ಅಂದ್ರೆ ಅರ್ಧ ಸಿಕ್ಕಿದೆ, ಯಾವ ಅರ್ಧ ಅಂತ ಕೆಳಗೆ ಓದಿ. ವಿ ವಿಲ್ ಲುಕ್ ಇಂಟು ಇಟ್ ಅಂತ ಮಾತ್ರ ಇದ್ರೆ ಏನೂ ಆಗಿಲ್ಲ, ಬೈ ವೆನ್ ಕ್ಯಾನ್ ಐ ಎಕ್ಸ್‌ಪೆಕ್ಟ್ ಎ ಡಿಸಿಷನ್ ಅಂತ ಒಂದು ಲೈನ್ ಕಳಿಸಿ ದಿನಾಂಕ ತಗೊಳಿ.

ಮೊದಲಿನ ತೀರ್ಮಾನಾನೇ ಉಳಿದಿದ್ರೆ ಅದೇ ವ್ಯಕ್ತಿಗೆ ಅದೇ ಮೇಲ್ ಮತ್ತೆ ಹಾಕ್ಬೇಡಿ. ಎರಡನೇ ಉತ್ತರದಲ್ಲಿ ಹೊಸ ಕಾರಣ ಕೊಟ್ಟಿದ್ರೆ, ಉದಾಹರಣೆಗೆ ಮೊದಲು ದಾಖಲೆ ಇಲ್ಲ ಅಂದಿದ್ದೋರು ಈಗ ಸೀಟೇ ಇಲ್ಲ ಅಂದ್ರೆ, ಆ ಹೊಸ ಕಾರಣಕ್ಕೆ ಮಾತ್ರ ಉತ್ತರ ಬರೀರಿ. ಕಾರಣ ಹಳೇದೇ ಆಗಿದ್ರೆ ಮೇಲಿನವರ ಹತ್ರ ಹೋಗೋ ದಾರಿ ಇದ್ಯಾ ನೋಡಿ, ಅಲ್ಲಿಗೆ ಬರೆಯುವಾಗ ವರ್ಬ್ ಬದಲಾಗುತ್ತೆ, ಐ ವಿಶ್ ಟು ಅಪೀಲ್ ಅಗೇನ್ಸ್ಟ್ ದ ಡಿಸಿಷನ್ ಅಂತ. ಎರಡೂ ತಾರೀಕು, ಎರಡೂ ಉತ್ತರದ ಕಾಪಿ ಅದರ ಜೊತೆ ಲಗತ್ತಿಸಿ.